ಜನರಲ್ ಸಾಹೇಬರು ಮುಳುಗಿಸಿದ ಪೂಲು

ನೋಟುಬುಕ್ಕಿನ ನಲವತ್ತೊಂದನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಎಳೆದ ಏಳು ಅಡ್ಡಗೆರೆಗಳಿದ್ದವು. ಕೆಳಗಿನ ನಾಲ್ಕು ಸಮ ಅಂತರದಲ್ಲಿದ್ದವು. ಮೇಲಿನ ಮೂರು ಹಾಗಿರಲಿಲ್ಲ. ಪ್ರತಿಯೊಂದೂ ಹಿಂದಿನದಕ್ಕಿಂತ ಹೆಚ್ಚು ದೂರಕ್ಕೆ ಜಿಗಿದಿತ್ತು. ಪ್ರತಿ ಗೆರೆಯ ಪಕ್ಕದಲ್ಲಿ ಗಂಟೆ ನಮೂದಾಗಿತ್ತು. ಕೊನೆಯ ಗೆರೆಯ ಪಕ್ಕದಲ್ಲಿ ಗಂಟೆಯ ಜೊತೆಗೆ ಎರಡು ಮಾತುಗಳೂ ಇದ್ದವು: ಹವಾಲ್ದಾರ ಬಿಚ್ಚೋಣ ಅಂದ. ನಾನು ಬೇಡವೆಂದೆ.

ಆ ನೋಟುಬುಕ್ಕು ಮೇಜರ್ ಜನರಲ್ ವೀರಭದ್ರಪ್ಪ ಹಿರೇಗೌಡರದು. ಅವರು ನವಲಗುಂದ ತಾಲೂಕಿನ ಮೊರಬದವರು. ಸೈನ್ಯದಲ್ಲಿ ಸೇತುವೆ, ರಸ್ತೆ ಕಟ್ಟುವ ದಳದಲ್ಲಿ ಮೂವತ್ತೈದು ವರ್ಷ ಇದ್ದು, ನಿವೃತ್ತರಾಗಿ ಊರಿಗೆ ಬಂದಿದ್ದರು. ಸೈನ್ಯಕ್ಕೆ ಸೇರುವ ಹುಡುಗರಿಗಾಗಿ ತಮ್ಮ ಅನುಭವ ಬರೆಸಬೇಕೆಂದಿದ್ದರು. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಟೈಪಿಂಗ್ ಕಲಿತು ಕೆಲಸ ಹುಡುಕುತ್ತಿದ್ದೆ. ಎಪ್ಪತ್ತರ ದಶಕದ ನಡುವಿನ ಒಂದು ವರ್ಷ ಪೂರ್ತಿ ಮೊರಬದಲ್ಲಿ ಒಂದು ಕೋಣೆ ಹಿಡಿದು, ಅವರು ಹೇಳಿದ್ದನ್ನು ಬರೆದುಕೊಂಡೆ. ಈಗ ಆ ಕೆಲಸ ಮುಗಿದಿದೆ. ಸಾಹೇಬರ ಪುಸ್ತಕ ಸಿಪಾಯಿಗಳಾಗುವವರಿಗೆ. ನಾನು ಬರೆಯುತ್ತಿರುವ ಇದು, ಇನ್ನೊಬ್ಬರ ಬದುಕನ್ನು ಬರೆದುಕೊಳ್ಳುವ ಕೆಲಸಕ್ಕೆ ಬರುವವರಿಗೆ. ಇದನ್ನೂ ಅವರೇ ಬರೆಯಲು ಹೇಳಿದರು.

ಮೊದಲ ದಿನ ಅವರು, ನಮ್ಮ ಕಡೆ ಓದಿದ ಹೆಣ್ಣುಮಕ್ಕಳನ್ನು ಕರೆಯುವಂತೆ ಬಾಯಾರ ಎಂದು ಕರೆದು, ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಬಾಯಾರ, ನಿಮಗ ಹೊಗಳಿ ಬರಿಯಾಕ ಬರತದೇನ್ರಿ?"

"ಇಲ್ರಿ."

"ಛಲೋ ಆತು. ಬಡ್ತಿ ಯಾವಾಗ ಸಿಕ್ತು, ಪದಕ ಯಾವಾಗ ಸಿಕ್ತು, ಅದೇನೂ ಬ್ಯಾಡ. ಭುಜದ ಮ್ಯಾಲಿನ ಪಟ್ಟಿ ಎಲ್ಲಾರಿಗೂ ಕಾಣತಾವ. ಮಾಡಿದ ತಪ್ಪು ಯಾರಿಗೂ ಕಾಣೂದಿಲ್ಲ. ಅದನ್ನ ಬರಕೋರಿ."

ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಅವರು ಪಡಸಾಲೆಯಲ್ಲಿ ಅಡ್ಡಾಡುತ್ತ ಹೇಳುತ್ತಿದ್ದರು. ಮಧ್ಯಾಹ್ನ ನಾನು ಟೈಪು ಮಾಡುತ್ತಿದ್ದೆ. ಅವರ ಹಳೆಯ ನೋಟುಬುಕ್ಕುಗಳು ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿದ್ದವು. ಅವರು ಬಾಯಲ್ಲಿ ಹೇಳಿದ್ದನ್ನೂ ಆ ಬುಕ್ಕುಗಳಲ್ಲಿದ್ದುದನ್ನೂ ಹೋಲಿಸಿ ನೋಡುವುದು ನಾನೇ ಹಾಕಿಕೊಂಡ ಕ್ರಮ. ಎರಡೂ ಕೂಡದಿದ್ದಲ್ಲಿ ನಾನು ಕೇಳುತ್ತಿರಲಿಲ್ಲ. ಹಿರಿಯರನ್ನು ಎದುರಿಗೆ ಕೇಳುವುದು ನನ್ನ ಸ್ವಭಾವಕ್ಕೆ ಒಗ್ಗದು. ಆ ಜಾಗದಲ್ಲಿ ಒಂದು ಸಾಲು ಖಾಲಿ ಬಿಡುತ್ತಿದ್ದೆ. ಮರುದಿನ ಹಾಳೆ ಓದುವಾಗ ಅವರೇ ಅಲ್ಲಿ ನಿಲ್ಲುತ್ತಿದ್ದರು.

ಮೊದಲ ತಿಂಗಳುಗಳ ಕಥೆಗಳೆಲ್ಲ ಸುಲಭವಾಗಿ ಬಂದವು. ಅವರ ಮೊದಲ ಮೇಲಧಿಕಾರಿ ಒಬ್ಬ ಇಂಗ್ಲಿಷಿನವನು. ಪೂಲು, ಅಂದರೆ ಸೇತುವೆ, ಕಟ್ಟಿ ಮುಗಿದ ಮೇಲೆ ಮೊದಲ ಲಾರಿ ದಾಟುವಾಗ, ಕಟ್ಟಿಸಿದ ಅಧಿಕಾರಿ ಅದರ ಕೆಳಗೆ ಮೊಣಕಾಲು ನೀರಿನಲ್ಲಿ ನಿಂತಿರಬೇಕೆಂಬುದು ಅವನ ನಿಯಮ. "ಹಿಂಗ ನಿಂತಾಗ ಲೆಕ್ಕದ ತಪ್ಪು ತಾನ ನೆನಪಿಗೆ ಬರತದ," ಎಂದು ಸಾಹೇಬರು ನಗುತ್ತಿದ್ದರು.

ಅವರ ಮೊದಲ ಗೆಲುವು ಹೇಸರಗತ್ತೆಗಳಿಂದ ಬಂತು. ಹಲಗೆಯ ಪೂಲಿನ ಮೇಲೆ ಅವು ಕಾಲಿಡಲಿಲ್ಲ. ಮೇಲಧಿಕಾರಿ ಕೂಗಾಡಿದ, ಸಿಪಾಯಿಗಳು ಎಳೆದರು, ಏನೂ ಆಗಲಿಲ್ಲ. ಮೊರಬದ ಎರೆಹೊಲದಲ್ಲಿ ಎತ್ತು ಹೊಡೆದ ಮನೆತನದ ಹುಡುಗನಿಗೆ ಒಂದು ಸಂಗತಿ ಗೊತ್ತಿತ್ತು. ಕಾಲ ಕೆಳಗೆ ಟೊಳ್ಳು ಸಪ್ಪಳವಾದರೆ ದನ ಮುಂದೆ ಹೋಗುವುದಿಲ್ಲ. ಅವರು ಹಲಗೆಗಳ ಮೇಲೆ ಹುಲ್ಲು ಹಾಸಿ, ಮೇಲೆ ನಾಲ್ಕು ಬೆರಳು ಮಣ್ಣು ಹರಡಿಸಿದರು. ಹೇಸರಗತ್ತೆಗಳು ರಸ್ತೆಯೆಂದೇ ತಿಳಿದು ಒಂದರ ಹಿಂದೊಂದು ದಾಟಿದವು. ಅಂದಿನಿಂದ ಆ ದಳದಲ್ಲಿ ಅದೇ ರೂಢಿಯಾಯಿತು.

ಹಗ್ಗ ಮತ್ತು ದೋಣಿಗಳ ಕಾಲ ಹೋಗಿ, ಪಿನ್ನು ಹೊಡೆದು ಜೋಡಿಸುವ ಕಬ್ಬಿಣದ ಚೌಕಟ್ಟುಗಳ ಕಾಲ ಬಂದದ್ದನ್ನೂ ಅವರು ವಿವರವಾಗಿ ಹೇಳಿದರು. ಹಿಮದ ಗಡಿಯಲ್ಲಿ ನಾಲ್ಕು ದಿನಗಳಲ್ಲಿ ಅಂಥ ಪೂಲು ಕಟ್ಟಿ, ಕಣಿವೆಯಲ್ಲಿ ಸಿಕ್ಕಿಬಿದ್ದ ಒಂದು ಊರನ್ನೇ ಈಚೆಗೆ ದಾಟಿಸಿದ್ದರು. ಆದರೂ ಅವರಿಗೊಂದು ಅಸಮಾಧಾನವಿತ್ತು. "ಈಗಿನ ಹುಡುಗ್ರು ಕೋಷ್ಟಕ ನೋಡತಾರ, ನೀರು ನೋಡೂದಿಲ್ಲ. ದಂಡ್ಯಾಗ ಒಂದ್ ಕೋಲು ನೆಟ್ಟು ತಾಸಿಗೊಮ್ಮೆ ನೋಡ್ರಲೇ ಅಂದ್ರ ನಗತಾರ."

ಕೋಲಿನ ಮಾತು ಬಂದ ಮರುದಿನವೇ ಅವರು ಬರ್ಮಾ ಗಡಿಯ ಹೊಳೆಯ ಕಥೆ ಹೇಳಿದರು. ಮಹಾಯುದ್ಧದ ಕಾಲ. ಅವರಿಗಾಗ ಇಪ್ಪತ್ತೈದು ದಾಟಿರಲಿಲ್ಲ, ಹೊಸ ಕ್ಯಾಪ್ಟನ್. ಸಾಲಾಗಿ ನಿಲ್ಲಿಸಿದ ದೋಣಿಗಳ ಮೇಲೆ ಹಲಗೆ ಹಾಸಿದ ಪೂಲು. ಉಳಿದ ಕಥೆಗಳಿಗೆ ಅರ್ಧ ತಾಸು ತೆಗೆದುಕೊಳ್ಳುವವರು ಇದನ್ನು ನಾಲ್ಕು ಮಾತಿನಲ್ಲಿ ಮುಗಿಸಿದರು: "ನೆರಿ ಬಂತು. ಲಂಗರು ಹಿಡೀಲಿಲ್ಲ. ಪೂಲು ಹೋತು. ಹನ್ನೊಂದ್ ದಿನದಾಗ ಮತ್ತ ಕಟ್ಟಿದ್ವಿ. ಮುಂದ ಬರಕೋರಿ."

ಆ ಮಧ್ಯಾಹ್ನ ನಾನು ನೋಟುಬುಕ್ಕಿನ ಆ ಪುಟ ತೆಗೆದೆ. ಏಳು ಗೆರೆಗಳನ್ನು ಎಣಿಸಿದೆ. ಟೈಪು ಮಾಡುವಾಗ 'ಲಂಗರು ಹಿಡಿಯಲಿಲ್ಲ' ಎಂಬ ಮಾತಿನ ಜಾಗದಲ್ಲಿ ಒಂದು ಸಾಲು ಖಾಲಿ ಬಿಟ್ಟೆ.

ಮರುದಿನ ಅವರು ಅಲ್ಲಿ ನಿಂತರು. "ಇಲ್ಲೇನು ಬಿಟ್ಟೀರಿ?"

ನಾನು ನೋಟುಬುಕ್ಕು ತೆರೆದು ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಈ ಗೆರಿ ನಾ ಎಳದದ್ದಲ್ಲ," ಅಂದರು. "ಫಕೀರಪ್ಪ ಅಂತ ಹವಾಲ್ದಾರ ಇದ್ದ. ಕಲಘಟಗಿ ಕಡೆ ದೇವಿಕೊಪ್ಪದಾಂವ. ನಮ್ಮ ಸೀಮಿಯವ ಅಂತ ನನಗ ಭಾಳ ಹತ್ತಿರದಾಂವ. ತಾಸಿಗೊಮ್ಮೆ ದಂಡಿಗೆ ಹೋಗಿ ಕೋಲು ನೋಡಿ ಬಂದು, ಇದರಾಗ ಗುರುತು ಹಾಕತಿದ್ದ. ಏಳನೇದು ಹಾಕಿ ಅಂದ, 'ಸಾಹೇಬ್ರ, ನೀರು ಜಿಗದ್ ಏರಾಕತ್ತೈತ್ರಿ, ದೋಣಿ ಬಿಚ್ಚಿ ದಂಡಿಗೆ ತರೂಣು.' ಸಂಜೀಕ ದೊಡ್ಡ ಸಾಹೇಬರು ಪೂಲು ನೋಡಾಕ ಬರೂರಿದ್ರು. ಅವರು ಬಂದಾಗ ಪೂಲು ಕಾಣಬೇಕು ಅಂತ ನನಗ ಆಸೆ. ಬ್ಯಾಡ ಅಂದೆ. ಅವರು ಬಂದಾಗ ಬರೇ ಹೊಳಿ ಕಂಡ್ತು."

ಯಾರೂ ಸತ್ತಿರಲಿಲ್ಲ. ಆದರೆ ವಿಚಾರಣೆ ಆಯಿತು. ವರದಿಯಲ್ಲಿ ಸಾಹೇಬರು ಬರೆದರು: ಹವಾಲ್ದಾರನು ಲಂಗರು ಸರಿಯಾಗಿ ಹಾಕಿರಲಿಲ್ಲ. ಫಕೀರಪ್ಪನ ಒಂದು ಪಟ್ಟಿ ಇಳಿಯಿತು. ಅವನು ಒಂದು ಮಾತೂ ಆಡದೆ, ತೇಲಿಹೋದ ದೋಣಿಗಳನ್ನು ಹೊಳೆಯ ಗುಂಟ ಹುಡುಕಿ ತಂದು, ಪೂಲನ್ನು ಮತ್ತೆ ನಿಲ್ಲಿಸಿದ. ಆ ಎರಡನೆಯ ಪೂಲಿನ ಮೇಲೆ ಒಂದು ಪಲ್ಟನ್ನೂ ಅದರ ಗಾಯಾಳುಗಳೂ ದಾಟಿ ಬಂದರು. ಅದರ ಹೊಗಳಿಕೆ ಕ್ಯಾಪ್ಟನ್ನರಿಗೆ ಬಂತು.

"ಆಮ್ಯಾಲೆ ಅವರ್ನ ಕಂಡಿಲ್ಲೇನ್ರಿ?" ಎಂದೆ. ಅಷ್ಟು ತಿಂಗಳಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಅದೇ ಇರಬೇಕು.

"ಇಲ್ಲ. ಇಲ್ಲಿಂದ ದೇವಿಕೊಪ್ಪಕ್ಕ ಎರಡು ಬಸ್ಸು ಬದಲಿಸಿದ್ರ ಮುಗೀತು. ಹೋಗಿಲ್ಲ." ನೋಟುಬುಕ್ಕು ಮುಚ್ಚಿ, "ಇದ್ದಾನೋ ಇಲ್ಲೋ, ನೀವ ನೋಡಿ ಬರ್ರಿ," ಅಂದರು.

ನಾನು ಹುಬ್ಬಳ್ಳಿಗೆ ಹೋಗಿ ಕಲಘಟಗಿಯ ಬಸ್ಸು ಹಿಡಿದೆ. ಮಿಶ್ರಿಕೋಟಿ ಬರುವಷ್ಟರಲ್ಲಿ ಎರೆಹೊಲ ಹಿಂದೆ ಬಿದ್ದು ನಡುನಡುವೆ ಭತ್ತದ ಗದ್ದೆ ಕಾಣತೊಡಗಿತ್ತು. ದೇವಿಕೊಪ್ಪದಲ್ಲಿ ಇಳಿದು, ಚಹಾದಂಗಡಿಯಲ್ಲಿ ಮಿಲಿಟ್ರಿಯಲ್ಲಿದ್ದ ಫಕೀರಪ್ಪನವರ ಮನೆ ಯಾವುದೆಂದು ಕೇಳಿದೆ. ಅಂಗಡಿಯಾತ, "ಪೂಲಮುರಕರ ಮನಿ ಏನ್ರಿ? ಗುಡಿ ಬಾಜೂಕ ಹೋಗ್ರಿ," ಅಂದ.

ನಾನು ಮಾಡಿದ ದೊಡ್ಡ ತಪ್ಪು ಇಲ್ಲಿದೆ. ನಮ್ಮ ಸೀಮೆಯ ಅಡ್ಡಹೆಸರುಗಳು ಹೇಗಿರುತ್ತವೆ ಎಂಬುದು ಇಲ್ಲಿಯವರಿಗೆ ಗೊತ್ತು. ಮಾರುವ ಕಾಳು, ಮಾಡುವ ಕಸುಬು, ಮನೆಯ ಮುಂದಿನ ಗಿಡ, ಅಜ್ಜ ಎಂದೋ ಮಾಡಿದ ಒಂದು ಕೆಲಸ, ಯಾವುದಾದರೂ ಸರಿ, ಮನೆತನದ ಹೆಸರಾಗುತ್ತದೆ. ನನ್ನ ತರಗತಿಯಲ್ಲೇ ಒಬ್ಬ ಮೆಣಸಿನಕಾಯಿ, ಒಬ್ಬ ಹುಣಸಿಮರದ ಇದ್ದರು. ಹಾಗಾಗಿ ನನಗೆ ಏನೂ ವಿಶೇಷ ಅನಿಸಲಿಲ್ಲ. ಮನೆಯ ಮುಂದೆ ಒಬ್ಬ ಮುದುಕರು ಹಗ್ಗ ಹೊಸೆಯುತ್ತ ಕೂತಿದ್ದರು. ನಾನು ಕೈಮುಗಿದು, ಗೌರವದಿಂದಲೇ, "ಪೂಲಮುರಕ ಫಕೀರಪ್ಪನವರು ತಾವೇ ಏನ್ರಿ?" ಎಂದೆ.

ಅವರ ಕೈ ನಿಂತಿತು. "ಹೌದ್ರಿ ಯವ್ವಾ. ಮುರದಾಂವ ನಾನ. ನೋಡಾಕ ಬಂದೀರೇನು?"

ಅದು ಮನೆತನದ ಹೆಸರಲ್ಲ, ಪೂಲು ಮುರಿದವನೆಂದು ಹಂಗಿಸುವ ಮಾತು ಎಂದು ನನಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ತಿಳಿದ ಮೇಲೆ ಎಲ್ಲಿ ನೋಡಬೇಕೋ ಗೊತ್ತಾಗಲಿಲ್ಲ. ಕ್ಷಮೆ ಕೇಳಿದೆ. ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಬಿಡ್ರಿ. ನಮ್ಮ ಮನಿತನದ ಹೆಸರು ದೊಡ್ಡಮನಿ. ನನ್ನ ಕೂಡ ಪಲ್ಟನ್ಯಾಗ ಇದ್ದಾಂವ ಒಬ್ಬ ರಜಾಕ್ಕ ಬಂದು ಊರ ತುಂಬ ಹೇಳಿದ. ನಾ ಬರೂದ್ರಾಗ ಹೆಸರು ತಯಾರಿತ್ತು. ಮಗನ್ನ ಸಾಲಿಗೆ ಹಾಕಿದಾಗ ಮಾಸ್ತರು ಅದನ್ನ ಬರಕೊಂಡ್ರು. ಈಗ ಮೊಮ್ಮಗಳಿಗೂ ಅದ."

ಒಳಗೆ ಹೊಸ್ತಿಲ ಬಳಿ ಹದಿಮೂರು ವರ್ಷದ ಹುಡುಗಿ ನಿಂತಿದ್ದಳು. ಹೆಸರು ಗಂಗವ್ವ. ಏಳನೆಯದರಲ್ಲಿ ಸಾಲೆಗೇ ಮೊದಲಿಗಳಾಗಿ ಪಾಸಾಗಿದ್ದಳು. ಕಲಘಟಗಿಯ ಹೈಸ್ಕೂಲಿಗೆ ಹೆಸರು ಹಚ್ಚಲು ಹೋದ ದಿನ ಕಾರಕೂನರು ಅಡ್ಡಹೆಸರನ್ನು ಎರಡು ಸಲ ಹೇಳಿಸಿದರಂತೆ, ಸಾಲಿನಲ್ಲಿದ್ದವರು ನಕ್ಕರಂತೆ. ಹೆಸರು ಹಚ್ಚದೆ ಮನೆಗೆ ಬಂದಿದ್ದಳು.

"ಹೋಗಂಗಿಲ್ಲ ಅಂತಾಳ," ಅಂದರು ಮುದುಕರು. "ನನಗ ಅಂದದ್ದು ನಾ ಉಂಡೆ, ಅರಗಿತು. ಈ ಕೂಸಿಗೆ ಯಾಕ?"

ನಾನು ಮೊರಬಕ್ಕೆ ಮರಳಿ, ಕೇಳಿದ್ದನ್ನೆಲ್ಲ ಸಾಹೇಬರಿಗೆ ಹೇಳಿದೆ. ನನ್ನ ತಪ್ಪನ್ನೂ ಬಿಡಲಿಲ್ಲ. ಅವರು ಅಡ್ಡಾಡುವುದನ್ನು ನಿಲ್ಲಿಸಿದರು.

"ನಾ ಒಂದ ಸಾಲು ಬರದಿದ್ದೆ ಬಾಯಾರ," ಅಂದರು. "ಅದು ಮೂರು ತಲಿಗೆ ಹೆಸರಾತು."

ಖಾಲಿ ಬಿಟ್ಟ ಜಾಗಕ್ಕೆ ಆ ಬೆಳಿಗ್ಗೆ ಅವರು ಒಂದೂವರೆ ಪುಟ ಹೇಳಿದರು. ನಾನು ಎಂದಿನಂತೆ ಮೂರು ಪ್ರತಿ ತೆಗೆದೆ.

ಎಂಟು ದಿನಗಳಲ್ಲಿ ಊರವರು ಸಾಹೇಬರಿಗೆ ಸತ್ಕಾರ ಇಟ್ಟುಕೊಂಡಿದ್ದರು. ಮುಂದಾಳು ಅವರ ತಮ್ಮ ಚನ್ನಪ್ಪಗೌಡರು. ಟೈಪು ಮಾಡಿದ್ದು ಹೇಗೋ ಅವರ ಕಿವಿಗೆ ಬಿತ್ತು. ಸಂಜೆ ನನ್ನ ಕೋಣೆಯ ಮುಂದೆ ಬಂದು ನಿಂತರು.

"ಏನ್ರಿ ಬಾಯಾರ, ನಮ್ಮ ಅಣ್ಣನ್ನ ಊರ ಮುಂದ ಇಳಸಾಕ ಪಗಾರ ತಗೋತೀರೇನು? ಆ ಹಾಳಿ ಇಲ್ಲೆ ಕೊಡ್ರಿ."

"ಅದು ಸಾಹೇಬರದ್ರಿ. ನನ್ನದಲ್ಲ. ಅವರನ್ನ ಕೇಳ್ರಿ."

"ಅವಗ ವಯಸ್ಸಾತು. ನಿಮಗೇನಾಗೇತಿ? ಹಳೇ ಹೊಳಿ, ಹಳೇ ನೀರು. ಅದನ್ನ ಕಲಕಿದ್ರ ಯಾರಿಗೆ ಲಾಭ?"

ನಾನು ಗಂಗವ್ವನ ಕಥೆ ಹೇಳಿದೆ. ಅವರು ಹಾಳೆ ಕೇಳುವುದನ್ನು ಬಿಟ್ಟು ಹೋದರು. ಮನಸ್ಸು ಬದಲಾಗಿತ್ತೆಂದಲ್ಲ, ಮರುದಿನ ಅಣ್ಣತಮ್ಮಂದಿರ ದನಿ ಪಡಸಾಲೆಯಿಂದ ಬೀದಿಗೆ ಕೇಳುತ್ತಿತ್ತು.

ಸತ್ಕಾರಕ್ಕೆ ಎರಡು ದಿನ ಮುಂಚೆ ಸಾಹೇಬರು ತಾವೇ ದೇವಿಕೊಪ್ಪಕ್ಕೆ ಹೊರಟರು. ಜೀಪು ಬೇಡವೆಂದು ಬಸ್ಸಿನಲ್ಲಿ ಹೋದೆವು. ಫಕೀರಪ್ಪನವರು ಅವರನ್ನು ನೋಡಿ ಎದ್ದು ನಿಂತು, ಮೊದಲು ಸೆಲ್ಯೂಟ್ ಹೊಡೆದರು. ಆಮೇಲೆ, ಅಭ್ಯಾಸದ ಮೇಲೆ ತಮಗೇ ಸಿಟ್ಟು ಬಂದವರಂತೆ, ಕೈ ಕೆಳಗಿಳಿಸಿ ಕೂತುಬಿಟ್ಟರು. ಸಾಹೇಬರು ಕಟ್ಟೆಯ ಮೇಲೆ ಅವರ ಪಕ್ಕ ಕೂತರು.

"ಫಕೀರಪ್ಪ, ಪೂಲು ಮುಳುಗಿಸಿದಾಂವ ನಾನು. ವರದಿ ಸುಳ್ಳು ಬರದೆ."

"ಗೊತ್ತೈತ್ರಿ. ನಾನೂ ಅಲ್ಲೇ ಇದ್ದೆನಲ್ರಿ."

"ತಪ್ಪಾತು."

ಮುದುಕರು ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಇಷ್ಟ ವರ್ಷ ಯಾಕ ತಡಾ ಮಾಡಿದ್ರಿ?"

"ಅಂಜಿದ್ದೆ."

"ಗುಂಡಿನ್ಯಾಗ ನಿಂತಾವರು ನೀವು."

"ಅಲ್ಲಿ ಅಂಜಿಕಿ ಬರಲಿಲ್ಲ. ಇಲ್ಲಿ ಬಂತು."

ಇದಕ್ಕೆ ಫಕೀರಪ್ಪನವರು ಮೊದಲ ಸಲ ನಕ್ಕರು, ಬೇಗನೆ ನಿಲ್ಲಿಸಿದರು. "ನನ್ನ ಕಟ್ಟಿ ಮ್ಯಾಲೆ ಕುಂತು ನನಗ ಹೇಳಿದ್ರ ಏನ್ ಬಂತ್ರಿ ಸಾಹೇಬ್ರ? ನನಗ ಮೊದಲ ಗೊತ್ತಿತ್ತು. ಹೆಸರಿಟ್ಟವರು ಊರಾಗ ಅದಾರ. ಅವರಿಗೆ ಹೇಳ್ರಿ."

"ನಾಡಿದ್ದ ನನ್ನ ಸತ್ಕಾರ ಐತಿ. ಅಲ್ಲೇ ಹೇಳತೀನಿ. ನೀ ಬರಬೇಕು."

"ಬರತೀನೋ ಇಲ್ಲೋ ನೋಡೂಣು. ನೀವು ಹೇಳೂಮಟ ನಾ ನಂಬಂಗಿಲ್ಲ."

ಹೊರಡುವಾಗ ಸಾಹೇಬರು ಚಹಾದಂಗಡಿಯ ಮುಂದೆ ನಿಂತು, ಅಲ್ಲಿದ್ದವರೆಲ್ಲರನ್ನೂ ಸತ್ಕಾರಕ್ಕೆ ಕರೆದರು.

ಸತ್ಕಾರ ಮೊರಬದ ಸಾಲೆಯ ಬಯಲಿನಲ್ಲಿ, ಮಧ್ಯಾಹ್ನ ಮೂರಕ್ಕೆ. ಜನ ಬಯಲು ತುಂಬಿ ರಸ್ತೆಯವರೆಗೆ ನಿಂತಿದ್ದರು. ಸಾಹೇಬರಿಗೆ ಶಾಲು ಹೊದಿಸಿ, ತಲೆಗೆ ರೇಷ್ಮೆ ಪಟಗ ಸುತ್ತಿ, ಮಾಲೆ ಹಾಕಿದರು. ಚನ್ನಪ್ಪಗೌಡರು ಕಟ್ಟು ಹಾಕಿಸಿದ ಮಾನಪತ್ರವನ್ನು ಎತ್ತರದ ದನಿಯಲ್ಲಿ ಓದಿದರು. ಅದನ್ನು ಬರೆದವಳು ನಾನಲ್ಲ. ಸೋಲನ್ನೇ ಅರಿಯದ ವೀರ, ಊರಿನ ಕಳಸ, ನಾಡಿನ ಹೆಮ್ಮೆ, ಹೀಗೆ ಎರಡು ಪುಟ. ದೇವಿಕೊಪ್ಪದವರು ಬಂದಿದ್ದಾರೋ ಇಲ್ಲವೋ ವೇದಿಕೆಯ ಪಕ್ಕದಲ್ಲಿದ್ದ ನನಗೆ ಕಾಣುತ್ತಿರಲಿಲ್ಲ.

ಸಾಹೇಬರು ಎದ್ದು ಮಾಲೆ ತೆಗೆದು ಕುರ್ಚಿಯ ಮೇಲಿಟ್ಟರು. ಕಿಸೆಯಿಂದ ನಾನು ಟೈಪು ಮಾಡಿದ ಹಾಳೆಗಳನ್ನು ತೆಗೆದರು. "ನಮ್ಮ ತಮ್ಮ ಓದಿದ್ರಾಗ ಒಂದು ಮಾತು ತಿದ್ದಬೇಕಾಗೇತಿ," ಎಂದು ಶುರುಮಾಡಿ, ಹೊಳೆಯ ಕಥೆಯನ್ನು ಮೊದಲಿಂದ ಓದಿದರು. ಕೋಲು, ಏಳು ಗೆರೆ, ಫಕೀರಪ್ಪ ಹೇಳಿದ ಮಾತು, ತಮ್ಮ ಆಸೆ, ತಾವು ಬರೆದ ಸುಳ್ಳು ಸಾಲು, ಒಂದನ್ನೂ ಬಿಡಲಿಲ್ಲ. ದನಿ ಏರಲಿಲ್ಲ, ತಡವರಿಸಲಿಲ್ಲ. ಚನ್ನಪ್ಪಗೌಡರು ತಲೆ ಬಗ್ಗಿಸಿ ತಮ್ಮ ಚಪ್ಪಲಿ ನೋಡುತ್ತಿದ್ದರು. ಜನ ಸಿಟ್ಟಾಗಿದ್ದಾರೋ ನಾಚಿದ್ದಾರೋ ತಿಳಿಯಲಿಲ್ಲ. ನನಗೆ ಭಯವಾಯಿತು.

"ಆ ಹವಾಲ್ದಾರ ತೇಲಿಹೋದ ದೋಣಿ ಹುಡುಕಿ ತಂದು, ಹನ್ನೊಂದು ದಿನದೊಳಗ ಪೂಲು ಮತ್ತ ನಿಲ್ಲಿಸಿದ," ಎಂದು ಸಾಹೇಬರು ಓದಿದರು.

ಹಿಂದಿನಿಂದ, ಟ್ರ್ಯಾಕ್ಟರುಗಳು ನಿಂತಿದ್ದ ಕಡೆಯಿಂದ, ಒಂದು ಒರಟು ದನಿ ಬಂತು: "ಹನ್ನೊಂದಲ್ರಿ ಸಾಹೇಬ್ರ. ಒಂಬತ್ತ ದಿನ."

ಸಾಹೇಬರು ಹಾಳೆಯಿಂದ ತಲೆ ಎತ್ತಿದರು. ನನ್ನ ಕಡೆ ತಿರುಗಿ, "ತಿದ್ದಿಕೋರಿ ಬಾಯಾರ. ಒಂಬತ್ತು," ಅಂದರು.

ಮೊದಲು ನಕ್ಕವರು ದೇವಿಕೊಪ್ಪದವರು. ಒಂದು ಟ್ರ್ಯಾಕ್ಟರ್ ತುಂಬ ಬಂದಿದ್ದರು. ಆ ನಗೆ ಇಡೀ ಬಯಲಿಗೆ ಹರಡಿತು. ಅದೇ ಉಸಿರಿನಲ್ಲಿ ಚಪ್ಪಾಳೆಯಾಯಿತು. ಮಾನಪತ್ರಕ್ಕೆ ಬಿದ್ದ ಚಪ್ಪಾಳೆ ಇದರ ಮುಂದೆ ಏನೂ ಅಲ್ಲ. ಚಹಾದಂಗಡಿಯಾತ ಫಕೀರಪ್ಪನವರ ರಟ್ಟೆ ಹಿಡಿದು ದಾರಿ ಮಾಡಿಸಿಕೊಂಡು ಮುಂದೆ ತಂದ. ದಾರಿಯುದ್ದಕ್ಕೂ, "ಸರೀರಿ, ದೊಡ್ಡಮನಿ ಹವಾಲ್ದಾರ್ರು ಬಂದ್ರು, ಸರೀರಿ," ಎನ್ನುತ್ತಿದ್ದ. ಸಾಹೇಬರು ವೇದಿಕೆಯ ಅಂಚಿಗೆ ಬಂದು ನೆಟ್ಟಗೆ ನಿಂತು, ಈ ಸಲ ತಾವು ಮೊದಲು ಸೆಲ್ಯೂಟ್ ಹೊಡೆದರು. ಫಕೀರಪ್ಪನವರು ಪೂರ್ತಿ ಕೈ ಎತ್ತಿ ತೆಗೆದುಕೊಂಡರು.

ತಂದಿದ್ದ ರೇಷ್ಮೆ ಪಟಗ ಒಂದೇ ಇತ್ತು. ಅದು ಆಗಲೇ ಸಾಹೇಬರ ತಲೆಯ ಮೇಲಿತ್ತು. ಚನ್ನಪ್ಪಗೌಡರು ಎದ್ದರು. ಯಾರ ಕಡೆಯೂ ನೋಡದೆ ತಮ್ಮ ತಲೆಯ ಪಟಗ ಬಿಚ್ಚಿ, ಫಕೀರಪ್ಪನವರಿಗೆ ಸುತ್ತಿದರು. "ಅಗದಿ ಹಟಮಾರಿ ಇದ್ದಾನ ನಮ್ಮಣ್ಣ," ಎಂದು ಗೊಣಗಿದರು. "ನಿಮ್ಮ ಮಾತ ಅವತ್ತ ಕೇಳಿದ್ದರ ಇಷ್ಟೆಲ್ಲಾ ಇರಲಿಲ್ಲ."

"ಕೇಳಿದ್ದರ ನಿಮ್ಮ ಪಟಗಾ ನನಗ ಎಲ್ಲಿ ಸಿಗತಿತ್ರಿ ಗೌಡ್ರ," ಅಂದರು ಮುದುಕರು.

ಆ ದಿನ ಸಾಹೇಬರ ಕೈಮುಗಿಯಲು ಬಂದವರ ಸಾಲು ಹೊತ್ತು ಇಳಿಯುವವರೆಗೂ ಕರಗಲಿಲ್ಲ. ಅವರ ಪದಕಗಳ ಬಗ್ಗೆ ಯಾರೂ ಕೇಳಲಿಲ್ಲ. ಸೈನ್ಯಕ್ಕೆ ಸೇರಬೇಕೆಂದಿದ್ದ ಹುಡುಗರು ಕೇಳಿದ್ದು ಕೋಲನ್ನು ಎಲ್ಲಿ ನೆಡಬೇಕು, ನೀರು ಎಷ್ಟು ಜಿಗಿದರೆ ದೋಣಿ ಬಿಚ್ಚಬೇಕು ಎಂದು. ಅವರಿಗೆ ಸಾಹೇಬರು ಒಂದು ಕಡೆಯಿಂದ, ಫಕೀರಪ್ಪನವರು ಇನ್ನೊಂದು ಕಡೆಯಿಂದ ಉತ್ತರ ಕೊಟ್ಟರು. ಇಬ್ಬರ ಉತ್ತರಗಳೂ ಅಷ್ಟಾಗಿ ಕೂಡುತ್ತಿರಲಿಲ್ಲ. ಮೂವತ್ತೈದು ವರ್ಷದ ನೌಕರಿಗೆ ಇದಕ್ಕಿಂತ ದೊಡ್ಡ ಸತ್ಕಾರ ನನಗೆ ಹೊಳೆಯುವುದಿಲ್ಲ.

ಮುಂದಿನ ಸಾಲಿನಲ್ಲಿ ಕೂತಿದ್ದ ಸಾಲೆಗಳ ಇನ್‌ಸ್ಪೆಕ್ಟರರು ಹೊರಡುವ ಮುಂಚೆ ಫಕೀರಪ್ಪನವರನ್ನು ಕರೆದು, ಸಾಲೆಯ ದಾಖಲೆಯಲ್ಲಿ ಅಡ್ಡಹೆಸರು ತಿದ್ದಲು ಅರ್ಜಿ ಬರೆಯಿಸಿ, ಅಲ್ಲೇ ಸಹಿ ಮಾಡಿ ಕೊಟ್ಟರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಆ ಅರ್ಜಿಯೊಂದಿಗೆ ದೇವಿಕೊಪ್ಪಕ್ಕೆ ಹೋದೆ. ಹೆಡ್ ಮಾಸ್ತರರು ರಜಿಸ್ಟರು ತೆಗೆದು, ಹಳೆಯ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದು, ದೊಡ್ಡಮನಿ ಎಂದು ಬರೆದು, ಹೊಸ ದಾಖಲೆ ಕೊಟ್ಟರು. ಅದನ್ನು ಹಿಡಿದುಕೊಂಡು ಗಂಗವ್ವ ನನ್ನ ಜೊತೆ ಕಲಘಟಗಿಯ ಬಸ್ಸು ಹತ್ತಿದಳು. ಹೈಸ್ಕೂಲಿನಲ್ಲಿ ಅದೇ ಕಾರಕೂನರು ಇದ್ದರು. ಪೆನ್ನು ಹಿಡಿದು, ತಲೆ ಎತ್ತದೆ, ಅಡ್ಡಹೆಸರು ಏನೆಂದು ಕೇಳಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದು, ಅವಳು ಹೇಳುವವರೆಗೆ ಸುಮ್ಮನೆ ನಿಂತೆ.